ಒಂದು ಜೋಡಿಗೆ ನೂರ ನಾಲ್ಕು ನಿಮಿಷ

ಜುಲೈ ೮, ಸೋಮವಾರ

ಅರ್ಜಿ ಹಾಕಿ ಬಂದೆ. ಮುಖ್ಯ ವಿಷಯ ಸಂಖ್ಯಾಶಾಸ್ತ್ರ ಇದ್ದೇ ಇದೆ, ಉಪವಿಷಯವಾಗಿ ‘ಗ್ರಾಹಕ ವರ್ತನೆ’ ತೆಗೆದುಕೊಂಡೆ. ಮೂರು ವಿಭಾಗಗಳು ಸೇರಿ ನಡೆಸುವ ಕೋರ್ಸು. ಮನುಷ್ಯ ಯಾಕೆ ಆಸೆಪಡುತ್ತಾನೆ ಎಂದು ಮನಃಶಾಸ್ತ್ರದ ಮೇಡಂ ಹೇಳುತ್ತಾರೆ. ಆಸೆಪಟ್ಟವನು ಯಾವಾಗ ಕೊಳ್ಳುತ್ತಾನೆ ಎಂದು ವಾಣಿಜ್ಯದ ಸರ್ ಹೇಳುತ್ತಾರೆ. ಅವನ ಪಕ್ಕದ ಮನೆಯವನು ಏನು ಕೊಂಡ ಎಂದು ಸಮಾಜಶಾಸ್ತ್ರದ ಸರ್ ಕೇಳುತ್ತಾರೆ. ಮೂವರೂ ಒಟ್ಟಿಗೆ ಬಾಯಿ ಬಿಟ್ಟರೆ ಮೂರು ಸ್ಟೇಷನ್ ಒಂದೇ ಸಲ ಹಿಡಿದ ರೇಡಿಯೋ ಕೇಳಿದಂತಿರುತ್ತದೆ.

ನನಗೆ ಬೇಕಾಗಿರುವುದು ಒಂದೇ. ಈ ಉಪವಿಷಯದಲ್ಲಿ ಮೊದಲು ಬಂದವರಿಗೆ ದೊಡ್ಡ ಸಮೀಕ್ಷಾ ಸಂಸ್ಥೆಯೊಂದರಲ್ಲಿ ತರಬೇತಿ ಸಿಗುತ್ತದೆ. ಗಾಜಿನ ಕಟ್ಟಡ, ಕುತ್ತಿಗೆಯಲ್ಲಿ ಗುರುತಿನ ಚೀಟಿ. ಅದು ನನ್ನದೇ ಎಂದು ಈಗಲೇ ಬರೆದಿಡುತ್ತೇನೆ.

ಮನೆಯಲ್ಲಿ ಹೇಳಿದರೆ ಅಮ್ಮ, “ಜನ ಸಾಮಾನು ಕೊಳ್ಳೋದನ್ನ ನೋಡೋಕೂ ಕಾಲೇಜಾ? ಹಾಗಾದ್ರೆ ನಿಮ್ಮಪ್ಪ ಇಷ್ಟೊತ್ತಿಗೆ ಪ್ರೊಫೆಸರ್ ಆಗಿರ್ಬೇಕಿತ್ತು” ಎಂದಳು. ಅಪ್ಪ ಇಪ್ಪತ್ತಾರು ವರ್ಷದಿಂದ ಚಪ್ಪಲಿ ಅಂಗಡಿಯಲ್ಲಿ ಸೇಲ್ಸ್‌ಮನ್. ಬೆಳಗಿನಿಂದ ಸಂಜೆಯವರೆಗೆ ಒಂದು ಮೋಟು ಸ್ಟೂಲಿನ ಮೇಲೆ ಕೂತು, ಬಂದವರ ಕಾಲು ತೊಡೆಯ ಮೇಲಿಟ್ಟುಕೊಂಡು ಅಳೆಯುವ ಕೆಲಸ. ಕಾಲೇಜಿನಲ್ಲಿ ಯಾರಾದರೂ ಕೇಳಿದರೆ ‘ಅಪ್ಪ ಬಿಸಿನೆಸ್’ ಎನ್ನುತ್ತೇನೆ. ಅದೇನೂ ಪೂರ್ತಿ ಸುಳ್ಳಲ್ಲ.

ಜುಲೈ ೧೯, ಶುಕ್ರವಾರ

ಪ್ರಾಜೆಕ್ಟ್ ಕೊಟ್ಟರು. ಒಂದು ಅಂಗಡಿಯಲ್ಲಿ ನಿಂತು ನೂರಿಪ್ಪತ್ತು ಗ್ರಾಹಕರನ್ನು ಗಮನಿಸಬೇಕು. ಎಷ್ಟು ಹೊತ್ತಿಗೆ ಬಂದರು, ಏನು ಮುಟ್ಟಿದರು, ಯಾರೊಡನೆ ಮಾತಾಡಿದರು, ಕೈಯಲ್ಲಿ ಪೊಟ್ಟಣ ಹಿಡಿದು ಹೋದರೋ ಬರಿಗೈಯಲ್ಲೋ.

ಮೇಡಂ ಎರಡು ನಿಯಮ ಹೇಳಿದರು. “ಒಂದು, ನೀವು ಗೋಡೆ. ಗೋಡೆ ಮಾತಾಡಲ್ಲ, ಸಹಾಯ ಮಾಡಲ್ಲ, ಅಯ್ಯೋ ಪಾಪ ಅನ್ನಲ್ಲ. ಎರಡು, ನಿಮ್ಮ ಮನೆಯವರು ಕೆಲಸ ಮಾಡೋ ಜಾಗ ಬೇಡ. ಕಣ್ಣು ಮೋಸ ಮಾಡುತ್ತೆ.”

ಐದು ಅಂಗಡಿ ಹತ್ತಿಳಿದೆ. ಒಬ್ಬರೂ ಒಪ್ಪಲಿಲ್ಲ. ಒಬ್ಬಾತ ನನ್ನನ್ನು ತೆರಿಗೆಯವಳೆಂದು ತಿಳಿದು ನೀರು, ಕುರ್ಚಿ ಎಲ್ಲ ಕೊಟ್ಟು, ಕಾಲೇಜಿನವಳು ಎಂದು ಗೊತ್ತಾದ ಮೇಲೆ ಕುರ್ಚಿ ವಾಪಸ್ ತೆಗೆದುಕೊಂಡ. ಸಂಜೆ ಮುಖ ಊದಿಸಿಕೊಂಡು ಕೂತಿದ್ದೆ. ಅಪ್ಪ ಕೇಳಿದ, “ನಮ್ಮ ಅಂಗಡಿ ಆಗಲ್ವಾ ಪುಟ್ಟಿ?”

ಆಗುವುದಿಲ್ಲ ಎನ್ನಬೇಕಿತ್ತು. ಎನ್ನಲಿಲ್ಲ.

ಜುಲೈ ೨೭, ಶನಿವಾರ

ಅಂಗಡಿಯ ಮಾಲೀಕರು ಹಳೆಯ ಮಾಲೀಕರ ಮಗ. ವಯಸ್ಸು ಮೂವತ್ತೂ ಇರಲಿಕ್ಕಿಲ್ಲ, ಎರಡು ವರ್ಷದಿಂದ ಎಲ್ಲ ಇವರದೇ. ಕೂಡಲೇ ಒಪ್ಪಿದರು. “ಒಂದೇ ಕಂಡೀಷನ್. ರಿಪೋರ್ಟ್ ಮೊದಲು ನನ್ನ ಕೈಗೆ ಬರ್ಬೇಕು.” ಅನುಮತಿ ಪತ್ರ ಕಾಲೇಜಿಗೆ ಕೊಡುವಾಗ ‘ಪರಿಚಯದವರ ಮೂಲಕ’ ಎಂದು ಬರೆದೆ. ಅಪ್ಪನೂ ಪರಿಚಯದವನೇ.

ಅಂಗಡಿಯ ಮುಂಭಾಗದಲ್ಲಿ ತೆರೆದ ರ‍್ಯಾಕುಗಳು. ಜನ ತಾವೇ ಆರಿಸಿ, ತಾವೇ ಹಾಕಿ ನೋಡಬಹುದು. ಅಲ್ಲಿ ನಿಲ್ಲುವ ಹುಡುಗಿ ನನ್ನ ಹಾಳೆಯಲ್ಲಿ ‘ನೌಕರ ಎ’. ಹಿಂಭಾಗದಲ್ಲಿ ನಾಲ್ಕು ಬೆಂಚು, ಒಂದು ಓರೆ ಕನ್ನಡಿ, ಕಾಲು ಅಳೆಯುವ ಹಲಗೆ, ಮೋಟು ಸ್ಟೂಲು. ಅಲ್ಲಿರುವುದು ‘ನೌಕರ ಬಿ’. ನಾನು ಕಂಬದ ಮರೆಯಲ್ಲಿ.

ಬಸ್ಸಿನಲ್ಲೇ ಅಪ್ಪನಿಗೆ ಕಟ್ಟಪ್ಪಣೆ ಮಾಡಿದ್ದೆ, ನನ್ನ ಕಡೆ ನೋಡಕೂಡದು ಎಂದು. “ಗೋಡೆ ಅಂದ್ಮೇಲೆ ಗೋಡೆ” ಎಂದು ಒಪ್ಪಿದ್ದ. ನೋಡಲಿಲ್ಲ ನಿಜ. ಆದರೆ ಮಧ್ಯಾಹ್ನ ನಾನು ಶೌಚಾಲಯಕ್ಕೆ ಹೋಗಿ ಬರುವಷ್ಟರಲ್ಲಿ ಕಂಬದ ಹಿಂದೆ ಒಂದು ಕುರ್ಚಿ ಬಂದು ಕೂತಿತ್ತು. ನಿಯಮದ ಉಲ್ಲಂಘನೆ. ಕೂತೆ, ಕಾಲು ನೋಯುತ್ತಿತ್ತು.

ಆಗಸ್ಟ್ ೪, ಭಾನುವಾರ

ಅಭ್ಯಾಸಬಲ, ಸಂತೆಯಲ್ಲೂ ಬಿಡಲಿಲ್ಲ. ಅಪ್ಪ ಟೊಮೆಟೊ ಆರಿಸಲು ಏಳು ನಿಮಿಷ ತೆಗೆದುಕೊಂಡ, ಹನ್ನೆರಡು ಮುಟ್ಟಿ ಐದು ಇಟ್ಟುಕೊಂಡ. ಅಮ್ಮ ಬೆಲೆ ಕೇಳಿ, ಮುಖ ತಿರುಗಿಸಿ, ಎಂಟು ಹೆಜ್ಜೆ ಹೋಗಿ, ಹಿಂದಕ್ಕೆ ಬಂದಳು. ಬರೆದುಕೊಳ್ಳುತ್ತಿದ್ದೆ. ಅಮ್ಮ ಪುಸ್ತಕ ಕಿತ್ತುಕೊಂಡು, “ಚೀಲ ಹಿಡ್ಕೊ ಮೊದಲು” ಎಂದಳು.

ಆಗಸ್ಟ್ ೧೭, ಶನಿವಾರ

ಇವತ್ತು ಮೈಯೆಲ್ಲ ಉರಿದುಹೋಯಿತು.

ಗ್ರಾಹಕ ೩೮: ಹೆಂಗಸು, ಅರವತ್ತರ ಹತ್ತಿರ, ಹಸಿರು ಛತ್ರಿ, ಎಡಕ್ಕೆ ವಾಲುವ ನಡಿಗೆ. ನೌಕರ ಬಿ ಆಕೆಯನ್ನು ಕೂರಿಸಿ ಎರಡೂ ಕಾಲು ಅಳೆದ. ಆಮೇಲೆ ಖಾಲಿ ಬಾಕ್ಸಿನ ಮುಚ್ಚಳ ತಂದು, ಅದರ ಮೇಲೆ ಪಾದ ಇಡಿಸಿ, ಪೆನ್ಸಿಲಿನಲ್ಲಿ ಸುತ್ತ ಗೆರೆ ಎಳೆದ. ಒಂದು ಕಾಲು, ಇನ್ನೊಂದು ಕಾಲು. ಮಧ್ಯೆ ಏನೇನೋ ಮಾತು, ನಗು. ನಲವತ್ತೆರಡು ನಿಮಿಷ. ಕೊನೆಗೆ ಆಕೆ ಬರಿಗೈಯಲ್ಲಿ ಹೋದರು, ಅದೂ ಖುಷಿಯಾಗಿ! ಮುಚ್ಚಳದ ಮೇಲಿನ ಚಿತ್ರಕಲೆಗೆ ನನ್ನ ಹಾಳೆಯಲ್ಲಿ ಕಾಲಂ ಇಲ್ಲ. ‘ಇತರೆ, ಅನಗತ್ಯ’ ಎಂದು ಹಾಕಿದೆ.

ಸಂಜೆ ಗ್ರಾಹಕ ೭೧, ನಲವತ್ತರ ಹೆಂಗಸು, ಕುತ್ತಿಗೆಗೆ ಟೇಪು ನೇತುಹಾಕಿಕೊಂಡಿದ್ದರು, ದರ್ಜಿ ಇರಬೇಕು. ಅದೇ ಕಥೆ. ಮುಚ್ಚಳ, ಪೆನ್ಸಿಲು, ಬರಿಗೈ.

ನೌಕರ ಬಿ ಸ್ಟೂಲಿನಿಂದ ಏಳುವಾಗಲೆಲ್ಲ ಮಂಡಿ ಲಟಲಟ ಎನ್ನುತ್ತದೆ. ಕಂಬದವರೆಗೂ ಕೇಳಿಸುತ್ತದೆ.

ಆಗಸ್ಟ್ ೨೮, ಬುಧವಾರ

ಲೆಕ್ಕ ಮುಗಿಯಿತು. ಮುಂಭಾಗ: ಎಪ್ಪತ್ತನಾಲ್ಕು ಜನ, ಸರಾಸರಿ ಹನ್ನೊಂದು ನಿಮಿಷ, ಕೊಂಡವರು ನಲವತ್ತೊಂಬತ್ತು. ಹಿಂಭಾಗ: ನಲವತ್ತಾರು ಜನ, ಸರಾಸರಿ ಮೂವತ್ತನಾಲ್ಕು ನಿಮಿಷ, ಕೊಂಡವರು ಹದಿನೈದೇ ಹದಿನೈದು. ಅಂದರೆ ಮುಂಭಾಗದಲ್ಲಿ ಒಂದು ಜೋಡಿ ಮಾರಾಟವಾಗಲು ಹದಿನೇಳು ನಿಮಿಷ ಬೇಕು, ನೌಕರ ಬಿಗೆ ನೂರ ನಾಲ್ಕು ನಿಮಿಷ! ಇಷ್ಟು ಸ್ಪಷ್ಟ ಅಂತರ ಇಡೀ ತರಗತಿಯಲ್ಲಿ ಯಾರಿಗೂ ಸಿಕ್ಕಿಲ್ಲ.

ಕೊನೆಗೆ ಶಿಫಾರಸು ಇರಬೇಕೆಂದು ವಾಣಿಜ್ಯದ ಸರ್ ಹೇಳಿದ್ದರು. ಬರೆದೆ: ‘ಹಿಂಭಾಗದ ಆಸನ ವ್ಯವಸ್ಥೆಯನ್ನು ತೆಗೆದು ತೆರೆದ ರ‍್ಯಾಕುಗಳನ್ನು ಹಾಕುವುದು ಸೂಕ್ತ. ನೌಕರ ಬಿಯನ್ನು ಮುಂಭಾಗಕ್ಕೆ ವರ್ಗಾಯಿಸಬಹುದು.’ ಅಪ್ಪ ನೆಟ್ಟಗೆ ನಿಂತು ಕೆಲಸ ಮಾಡಲಿ. ಆ ಮಂಡಿಗೂ ಒಳ್ಳೆಯದು. ಯಾರ ಕಾಲನ್ನೂ ತೊಡೆಯ ಮೇಲಿಟ್ಟುಕೊಳ್ಳುವುದು ಬೇಡ.

ಮಾಲೀಕರಿಗೆ ಪ್ರತಿ ಕೊಟ್ಟು ಬಂದೆ. ನಿಂತಲ್ಲೇ ಕೊನೆಯ ಪುಟ ತಿರುವಿ ಎರಡು ಸಲ ಓದಿದರು. “ವೆರಿ ಗುಡ್. ನಮ್ಮಲ್ಲಿ ಯಾರೂ ಇದನ್ನ ಬಾಯಿಬಿಟ್ಟು ಹೇಳಿರ್ಲಿಲ್ಲ.” ಬಸ್ಸಿನಲ್ಲಿ ಬರುವಾಗ ಕಾಲು ನೆಲದ ಮೇಲಿರಲಿಲ್ಲ.

ಸೆಪ್ಟೆಂಬರ್ ೩, ಮಂಗಳವಾರ

ಎರಡು ಸಲ ಬರೆದು ಹರಿದೆ, ಇದು ಮೂರನೆಯದು.

ಊಟಕ್ಕೆ ಕೂತಿದ್ದೆವು. ಅಪ್ಪ, ಹವಾಮಾನದ ಸುದ್ದಿ ಹೇಳುವವನಂತೆ, “ಮುಂದಿನ ತಿಂಗಳು ಒಂದನೇ ತಾರೀಖಿಂದ ಬೆಂಚೆಲ್ಲ ತೆಗೀತಾರಂತೆ. ನನ್ನನ್ನ ಗೋಡೌನಿಗೆ ಹಾಕಿದಾರೆ” ಎಂದ. ಗೋಡೌನು ಊರಾಚೆ, ಎರಡು ಬಸ್ಸು ಬದಲಿಸಬೇಕು. ಬಾಕ್ಸು ಇಳಿಸುವುದು, ಏರಿಸುವುದು, ಮನುಷ್ಯರ ಸುಳಿವಿಲ್ಲ.

ಅಮ್ಮನ ಕೈಯಲ್ಲಿ ಸೌಟು ಹಾಗೇ ನಿಂತಿತು. “ಮುಂದಿನ ಕಡೆ ಹಾಕ್ಬಹುದಿತ್ತಲ್ಲ?”

“ಮುಂದೆ ಎಳೇ ಹುಡುಗರು ಸಾಕಂತೆ.”

ಅಪ್ಪ ನನ್ನ ಕಡೆ ತಿರುಗಿದ. ಕೋಪವಿರಲಿಲ್ಲ, ಇದ್ದಿದ್ದರೆ ನಾನೂ ಜಗಳವಾಡಿ ಹಗುರಾಗುತ್ತಿದ್ದೆ.

“ನಿನ್ನ ರಿಪೋರ್ಟು ತೋರಿಸಿದ್ರು ಪುಟ್ಟಿ. ನೀಟಾಗಿ ಬರ್ದಿದೀಯ.” ಒಂದು ತುತ್ತು ನುಂಗಿದ. “ನೌಕರ ಬಿ ಅಂದ್ರೆ ನಾನೇ ತಾನೆ?”

ಹೂಂ ಎಂದೆ. ತಟ್ಟೆ ಬಿಟ್ಟು ಏಳಲೂ ಆಗಲಿಲ್ಲ, ತಿನ್ನಲೂ ಆಗಲಿಲ್ಲ.

ಸೆಪ್ಟೆಂಬರ್ ೪, ಬುಧವಾರ

ಅಮ್ಮ ಮಾತು ಬಿಟ್ಟಿದ್ದಾಳೆ.

ಸೆಪ್ಟೆಂಬರ್ ೧೦, ಮಂಗಳವಾರ

ಮೂವರ ಮುಂದೆ ಕರಡು ಓದಿದೆ. ವಾಣಿಜ್ಯದ ಸರ್, “ಭೇಷ್! ಅಂಗಡಿಯವರು ಜಾರಿಗೂ ತರ್ತಿದಾರಂತೆ, ಇನ್ನೇನು ಬೇಕು?” ಎಂದರು. ಮೇಡಂಗೂ ಹಿಡಿಸಿತು. ಮೊದಲ ಸ್ಥಾನ ನನಗೇ ಎಂದು ಅವರ ಮುಖದಲ್ಲೇ ಬರೆದಿತ್ತು. ನಾನು ಶಿಫಾರಸಿನ ಪುಟವನ್ನು ಮಡಚಿ ಕೆಳಗೆ ಸೇರಿಸಿದೆ.

ಸಮಾಜಶಾಸ್ತ್ರದ ಸರ್ ಮಾತ್ರ ಕನ್ನಡಕ ಒರೆಸುತ್ತಾ ಕೇಳಿದರು, “ನಿಮ್ಮ ಹಾಳೆಯ ಕೊನೇ ಕಾಲಂ ಅಂಗಡಿ ಬಾಗಿಲಿಗೆ ನಿಂತುಬಿಡುತ್ತೆ. ಆಮೇಲೆ ಆ ಜನ ಎಲ್ಲಿಗೆ ಹೋದ್ರು?”

“ಮನೆಗೆ, ಸರ್.”

ಎಲ್ಲರೂ ನಕ್ಕರು. ಅವರು ನಗಲಿಲ್ಲ. “ಮತ್ತೆ ಬಂದ್ರಾ?”

ಗೊತ್ತಿಲ್ಲ ಎಂದೆ. ನೂರಿಪ್ಪತ್ತು ಜನರನ್ನು ಕಣ್ಣಿಟ್ಟು ಕಾದವಳಿಗೆ ಇದೊಂದು ಪ್ರಶ್ನೆ ಹೊಳೆದಿರಲಿಲ್ಲ.

ಸೆಪ್ಟೆಂಬರ್ ೧೪, ಶನಿವಾರ

ಅಪ್ಪ ಎರಡು ಗೋಣಿಚೀಲ ಹೊತ್ತು ಬಂದ. ಸ್ಟೋರ್ ರೂಮಿನ ಹಳೆಯ ರಟ್ಟು, ಕಾಗದವನ್ನೆಲ್ಲ ಎಸೆಯುತ್ತಿದ್ದಾರಂತೆ. ಚೀಲದ ತುಂಬ ಬಾಕ್ಸಿನ ಮುಚ್ಚಳಗಳು. ಒಂದೊಂದರ ಮೇಲೂ ಎರಡು ಪಾದಗಳ ಗೆರೆ, ಪಕ್ಕದಲ್ಲಿ ಅಪ್ಪನ ಗುಂಡು ಅಕ್ಷರ. ‘ಬೆರಳು ಮಡಚಿದೆ, ಮುಂದೆ ಅಗಲ ಬೇಕು.’ ‘ಸಂಜೆ ಊತ, ಬೆಳಿಗ್ಗೆ ಅಳೆಯಬಾರದು.’ ಎಣಿಸಿದೆ, ನಾನೂರ ಹನ್ನೊಂದು.

ಹಸಿರು ಛತ್ರಿಯ ಹೆಂಗಸಿನದೂ ಸಿಕ್ಕಿತು. ‘ಟೀಚರಮ್ಮ. ಎಡ ಆರು, ಬಲ ಐದು. ಜೋಡಿ: ದರ್ಜಿ ಅಕ್ಕ.’

“ಜೋಡಿ ಅಂದ್ರೆ?” ಎಂದು ಕೇಳಿದೆ. ಹನ್ನೊಂದು ದಿನದ ನಂತರ ಅವನೊಡನೆ ನಾನು ಆಡಿದ ಮೊದಲ ಪೂರ್ತಿ ಮಾತು ಅದು.

“ಟೀಚರಮ್ಮಂಗೆ ಎಡಗಾಲು ದೊಡ್ಡದು, ಬಲಗಾಲು ಸಣ್ಣದು. ಅಂಗಡೀಲಿ ಬಿಡಿ ಕಾಲಿಗೆ ಕೊಡೋ ಹಾಗಿಲ್ಲ. ಎರಡು ಜೋಡಿ ತಗೊಂಡು ಒಂದೊಂದು ಎಸೀಬೇಕು. ಇಷ್ಟು ವರ್ಷ ಅದನ್ನೇ ಮಾಡಿದಾರೆ ಪಾಪ. ದರ್ಜಿ ಅಕ್ಕಂಗೆ ತಿರುಗಾಮುರುಗಾ. ಎಡ ಐದು, ಬಲ ಆರು. ಇಬ್ಬರಿಗೂ ಒಂದೇ ಮಾಡೆಲ್ ಹಿಡಿಸಿದ್ರೆ ಐದರದ್ದೊಂದು ಜೋಡಿ, ಆರರದ್ದೊಂದು ಜೋಡಿ ಒಡೆದು ಹಂಚಿದ್ರಾಯ್ತು. ಮಾಲೀಕರಿಗೆ ಎರಡು ಜೋಡಿ ಮಾರಾಟ, ಅವರಿಗೆ ಎಸೆಯೋ ಕೆಲಸ ಇಲ್ಲ.”

“ಇಂಥವರು ಎಷ್ಟು ಜನ?”

“ಸಿಕ್ಕಿರೋದು ಮೂವತ್ತಾರು ಜೊತೆ. ಇನ್ನು ಕೆಲವರಿಗೆ ಹುಡುಕ್ತಾ ಇದ್ದೆ.”

ಕಾಯುವವರು ಅವರು. ನನ್ನ ಹಾಳೆಯಲ್ಲಿ ಎಲ್ಲರೂ ‘ಬರಿಗೈ’.

ಇದನ್ನೆಲ್ಲ ಮಾಲೀಕರ ಮೇಜಿನ ಮೇಲೆ ಸುರಿದುಬಿಡೋಣ ಎಂದೆ. ಅಪ್ಪ ಚೀಲದ ಬಾಯಿ ಕಟ್ಟಿದ. “ಬೇಡ. ಮನೇಲಿ ಗಂಡಂಗೂ ತೋರಿಸದ ಕಾಲನ್ನ ನನಗೆ ತೋರಿಸಿದಾರೆ. ಟೇಬಲ್ ಮೇಲೆ ಹರವೋಕಲ್ಲ.”

ಚೀಲದ ತಳದಲ್ಲಿ ಪುಟಾಣಿ ಮುಚ್ಚಳವೊಂದಿತ್ತು. ಅಂಗೈಯಷ್ಟು ಪಾದ. ‘ಚಿಕ್ಕ ಮಾಲೀಕರು, ಮೊದಲನೇ ಬೂಟು.’ ನಾನು ಬಾಯಿ ತೆರೆಯುವ ಮೊದಲೇ ಅಪ್ಪ ಹೇಳಿದ, “ಅದಂತೂ ಬೇಡವೇ ಬೇಡ. ಅದನ್ನ ತೋರಿಸಿ ಕೆಲಸ ಉಳಿಸ್ಕೋಬೇಕಾ ನಾನು?”

ಸೆಪ್ಟೆಂಬರ್ ೨೫, ಬುಧವಾರ

ಹತ್ತು ಸಂಜೆ ಕಂಬದ ಹಿಂದೆ. ಹಳೆಯ ಹಾಳೆಗಳನ್ನು ತೊಡೆಯ ಮೇಲಿಟ್ಟುಕೊಂಡು ಬಾಗಿಲು ಕಾದೆ. ಛತ್ರಿ, ನಡಿಗೆ, ಕನ್ನಡಕ, ಜಡೆ. ಹಿಂಭಾಗದಿಂದ ಬರಿಗೈಯಲ್ಲಿ ಹೋದ ಮೂವತ್ತೊಂದು ಜನರಲ್ಲಿ ಹದಿನೆಂಟು ಜನ ಮತ್ತೆ ಬಂದರು, ಹದಿನಾರು ಜನ ಕೊಂಡರು. ಮುಂಭಾಗದಲ್ಲಿ ಕೊಂಡ ನಲವತ್ತೊಂಬತ್ತು ಜನರಲ್ಲಿ ಹದಿಮೂರು ಜನ ಕಚ್ಚುತ್ತದೆ, ಜಾರುತ್ತದೆ ಎಂದು ವಾಪಸ್ ಕೊಟ್ಟಿದ್ದರು. ವಾಪಸಾತಿ ಕೌಂಟರಿನ ಅಕ್ಕ ಚೀಟಿಗಳನ್ನೆಲ್ಲ ತೋರಿಸಿದಳು. ಮೂರು ರಾತ್ರಿ ಕೂತರೂ ಉತ್ತರ ಒಂದೇ. ಈಗ ಹಿಂಭಾಗ ನಲವತ್ತಾರಕ್ಕೆ ಮೂವತ್ತೊಂದು, ಮುಂಭಾಗ ಎಪ್ಪತ್ತನಾಲ್ಕಕ್ಕೆ ಮೂವತ್ತಾರು. ಎಲ್ಲ ತಲೆಕೆಳಗು.

ಬೆಂಚಿನಲ್ಲಿ ಕೂತಿದ್ದ ಅಜ್ಜನೊಬ್ಬನ ಊರುಗೋಲು ಜಾರಿ ಬಿತ್ತು. ಎತ್ತಿಕೊಟ್ಟು ಬಂದೆ.

ಮಾಲೀಕರಿಗೆ ಹೇಳಲು ಹೋದರೆ ಸಿಗಲಿಲ್ಲ. ಶನಿವಾರ ಕಾಲೇಜಿನಲ್ಲಿ ನಡೆಯುವ ಅಂತಿಮ ಮಂಡನೆಗೆ ಅವರೇ ಅತಿಥಿಯಂತೆ. ವಾಣಿಜ್ಯದ ಸರ್ ಕರೆದಿದ್ದಾರೆ.

ಸೆಪ್ಟೆಂಬರ್ ೨೮, ಶನಿವಾರ

ಬೆಳಿಗ್ಗೆ ಅಪ್ಪ ಸ್ನಾನಕ್ಕೆ ಹೋದಾಗ ಪುಟಾಣಿ ಮುಚ್ಚಳವನ್ನು ಬ್ಯಾಗಿಗೆ ಹಾಕಿಕೊಂಡೆ. ಕಳ್ಳಿಯೇ ನಾನು, ಬರೆಯುವುದಕ್ಕೇನು.

ಮಾಲೀಕರು ಮೊದಲ ಸಾಲಿನಲ್ಲಿ ಕೂತಿದ್ದರು. ಮೊದಲ ವಾಕ್ಯದಲ್ಲೇ ಹೇಳಿಬಿಟ್ಟೆ, “ನನ್ನ ರಿಪೋರ್ಟಿನಲ್ಲಿ ಎರಡು ತಪ್ಪಿದೆ. ಒಂದು, ನಾನು ಬಾಗಿಲವರೆಗೆ ಮಾತ್ರ ನೋಡಿದೆ. ಎರಡು, ನೌಕರ ಬಿ ನನ್ನ ಅಪ್ಪ. ಅದನ್ನ ಮುಚ್ಚಿಟ್ಟೆ.”

ಮೇಡಂ ಪೆನ್ನಿನ ಮುಚ್ಚಳ ಹಾಕಿ ಬದಿಗಿಟ್ಟರು. ಹೊಸ ಅಂಕಿಗಳನ್ನು ತೋರಿಸಿದೆ.

ಮಾಲೀಕರು ಎದ್ದು ನಿಂತರು. “ಮೊದಲನೇ ರಿಪೋರ್ಟ್ ಕೊಟ್ಟಾಗ ನೀವು ಅವರ ಮಗಳಾಗಿರ್ಲಿಲ್ವಾ? ಆಗ ಬೆಂಚು ತೆಗೀರಿ ಅಂದ್ರಿ. ಈಗ ಅಪ್ಪನ ಜಾಗ ಹೋಗುತ್ತೆ ಅಂದ ತಕ್ಷಣ ಲೆಕ್ಕ ಬದಲಾಯ್ತು. ನಾನು ಯಾವುದನ್ನ ನಂಬ್ಲಿ?”

ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಕೇಳುತ್ತಿದ್ದೆ. ಬ್ಯಾಗಿನೊಳಗೆ ಕೈ ಹಾಕಿದೆ, ಮುಚ್ಚಳದ ಅಂಚು ಬೆರಳಿಗೆ ತಾಗಿತು. ಒಂದು ಕ್ಷಣ ಸಾಕಿತ್ತು. “ಗೊತ್ತಿಲ್ಲ ಸರ್” ಎಂದು ಕೈ ಹೊರಗೆ ತೆಗೆದೆ, ಬರಿಗೈ.

ಅವರು ಗಡಿಯಾರ ನೋಡಿಕೊಂಡು ಹೊರಟರು. ರ‍್ಯಾಕುಗಳು ಆಗಲೇ ಬಂದಿಳಿದಿವೆಯಂತೆ. ಮೇಡಂ ಪ್ರಾಜೆಕ್ಟಿಗೆ ಸೊನ್ನೆ ಕೊಟ್ಟು, ಮುಂದಿನ ಸಲ ಮತ್ತೆ ಮಾಡು ಎಂದರು. ಸಮಾಜಶಾಸ್ತ್ರದ ಸರ್ ಹೊರಗೆ ನನಗೊಂದು ಟೀ ಕೊಡಿಸಿದರು. ಮುಚ್ಚಳವನ್ನು ಚೀಲದ ತಳಕ್ಕೆ ಸೇರಿಸಿದೆ. ಅಪ್ಪನಿಗೆ ಗೊತ್ತಾಗಿಲ್ಲ.

ಅಕ್ಟೋಬರ್ ೧, ಮಂಗಳವಾರ

ಅಪ್ಪ ಬೆಳಿಗ್ಗೆ ಆರಕ್ಕೇ ಹೊರಟ, ಗೋಡೌನಿಗೆ. ಹಿಮ್ಮಡಿಯನ್ನು ಬೂಟಿನೊಳಗೆ ಜಾರಿಸುವ ತನ್ನ ಶೂಹಾರ್ನನ್ನು ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಮನೆಯಲ್ಲೇ ಬಿಟ್ಟುಹೋಗಿದ್ದಾನೆ. ಅಮ್ಮ ಅದನ್ನು ಒರೆಸಿ ಕಿಟಕಿಯಲ್ಲಿಟ್ಟಳು. ನನಗೆ ಕುಡಿಯಲು ಕಾಫಿ ಕೊಟ್ಟಳು, ಮಾತಿಲ್ಲದೆ.

ಅಕ್ಟೋಬರ್ ೧೦, ಗುರುವಾರ

ನಿನ್ನೆ ರಾತ್ರಿ ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಾ ಅಪ್ಪ ಹೇಳಿದ್ದ, “ಟೀಚರಮ್ಮಂಗೂ ದರ್ಜಿ ಅಕ್ಕಂಗೂ ಹತ್ತನೇ ತಾರೀಖು ಬರೋಕೆ ಹೇಳಿದ್ದೆ. ಸ್ಟೋರ್ ರೂಮಿನ ಅಟ್ಟದ ಮೇಲೆ ಎರಡು ಬಾಕ್ಸ್, ನೂಲು ಕಟ್ಟಿಟ್ಟಿದೀನಿ. ಮುಂದಿನ ಹುಡುಗಿಗೆ ಹೇಳೋಕೆ ಆಗ್ಲಿಲ್ಲ.” ಅಷ್ಟೇ. ನೀನು ಹೋಗು ಎನ್ನಲಿಲ್ಲ.

ತರಗತಿಗೆ ಚಕ್ಕರ್ ಹೊಡೆದು ಶೂಹಾರ್ನ್ ಹಿಡಿದುಕೊಂಡು ಹೋದೆ. ಬೆಂಚುಗಳಿದ್ದ ಕಡೆ ರ‍್ಯಾಕು. ಕಂಬ ಇತ್ತು, ಕುರ್ಚಿ ಇರಲಿಲ್ಲ. ಹನ್ನೊಂದಕ್ಕೆ ಟೀಚರಮ್ಮ ಬಂದರು. ಬೆಂಚು ಕಾಣದೆ ನಡುಮಧ್ಯೆ ನಿಂತು, “ಅವರಿಲ್ವಾ?” ಎಂದು ಕೇಳಿದರು. ಮುಂದಿನ ಹುಡುಗಿ, “ಅವರು ಬಿಟ್ಟುಹೋದ್ರು ಆಂಟಿ, ನೀವೇ ನೋಡಿ ತಗೊಳ್ಳಿ” ಎಂದಳು. ಅವರು ಛತ್ರಿ ಊರಿಕೊಂಡು ಬಾಗಿಲ ಕಡೆ ತಿರುಗಿದರು.

“ಅಮ್ಮಾ, ನಿಲ್ಲಿ, ನಿಮ್ಮದು ತೆಗೆದಿಟ್ಟಿದೆ” ಎಂದು ಕೂಗಿಬಿಟ್ಟೆ.

ಅಟ್ಟ ಹತ್ತಿ ಬಾಕ್ಸು ಇಳಿಸುವಷ್ಟರಲ್ಲಿ ದರ್ಜಿ ಅಕ್ಕನೂ ಬಂದಿದ್ದರು. ಕೂರಲು ಜಾಗವಿಲ್ಲ. ಇಬ್ಬರನ್ನೂ ಮಹಡಿಯ ಮೆಟ್ಟಿಲ ಮೇಲೆ ಅಕ್ಕಪಕ್ಕ ಕೂರಿಸಿ, ನಾನು ಕೆಳಗೆ ಮಂಡಿಯೂರಿದೆ. ಟೀಚರಮ್ಮನ ಎಡಕ್ಕೆ ಆರು, ಬಲಕ್ಕೆ ಐದು. ಉಳಿದದ್ದು ದರ್ಜಿ ಅಕ್ಕನಿಗೆ. ನಾಲ್ಕೂ ಪಾದಗಳಿಗೆ ಒಂದೇ ಕಂದು ಬಣ್ಣ.

ದರ್ಜಿ ಅಕ್ಕ ಪಕ್ಕದ ಕಾಲನ್ನೇ ನೋಡಿದರು. “ಅಯ್ಯೋ, ಇಷ್ಟು ದಿನ ನಾನು ಎಸೀತಿದ್ದದ್ದು ನಿಮ್ಮದಾ?”

“ನಾನೂ ನಿಮ್ಮದನ್ನ ಎಸೆದಿದೀನಿ ಕಣಮ್ಮ, ಮೂವತ್ತು ವರ್ಷ!” ಟೀಚರಮ್ಮ ಬಾಯಿಗೆ ಕೈ ಅಡ್ಡ ಹಿಡಿದು ನಗತೊಡಗಿದರು. ಇಬ್ಬರೂ ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಅಂಗಡಿಯ ಉದ್ದಕ್ಕೂ ನಡೆದು ನೋಡಿದರು. ರ‍್ಯಾಕಿನ ಮುಂದಿದ್ದ ಜನರೆಲ್ಲ ತಿರುಗಿ ನೋಡುತ್ತಿದ್ದರು.

ಅವರು ಹೋದ ಮೇಲೆ ತಲೆಯೆತ್ತಿದರೆ ಮೆಟ್ಟಿಲ ಮೇಲುಗಡೆ ಮಾಲೀಕರು. ಯಾವಾಗಿನಿಂದ ನಿಂತಿದ್ದರೋ. ಬೈಯುತ್ತಾರೆಂದು ಎದ್ದು ನಿಂತೆ.

“ಈ ವಾರ ವಾಪಸ್ ಬಂದಿದ್ದು ಇಪ್ಪತ್ತೆರಡು ಬಾಕ್ಸ್” ಎಂದರು, ನನಗೋ ತಮಗೋ. ನನ್ನ ಕೈಯಲ್ಲಿದ್ದ ಶೂಹಾರ್ನ್ ನೋಡಿ, “ನಿಮ್ಮ ತಂದೆಗೆ ನಾಳೆ ಇಲ್ಲಿಗೇ ಬರೋಕೆ ಹೇಳಿ. ಒಂದು ಬೆಂಚಿಗೆ ಜಾಗ ಮಾಡೋಣ” ಎಂದು ಮೇಲೆ ಹೋದರು.

ಅಲ್ಲೇ ಮೆಟ್ಟಿಲ ಮೇಲೆ ಕೂತು ಅಪ್ಪನಿಗೆ ಫೋನ್ ಮಾಡಿದೆ. ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಮಾಲೀಕರು, ನಾಳೆ, ಬೆಂಚು. ಆ ಕಡೆ ಬಾಕ್ಸು ಇಳಿಸುವ ಸದ್ದು ನಿಂತಿತು.

“ಟೀಚರಮ್ಮನ ಬಲಗಾಲಿಗೆ ಹಿಮ್ಮಡಿ ಹಿಂದೆ ಬೆರಳು ಹಾಕಿ ನೋಡಿದ್ಯಾ?” ಎಂದ ಅಪ್ಪ.

“ಅಪ್ಪಾ, ನಾನು ಹೇಳಿದ್ದು ಕೇಳಿಸ್ತಾ?”

“ಕೇಳಿಸ್ತು. ಬೆರಳು ಹಾಕಿ ನೋಡಿದ್ಯಾ?”

“ಇಲ್ಲ.”

“ಆ ಕಾಲಿಗೆ ಅಲ್ಲಿ ಸಡಿಲ ಆಗುತ್ತೆ. ಒಳಗೊಂದು ತೆಳ್ಳನೆ ಪ್ಯಾಡ್ ಹಾಕ್ಬೇಕು, ಇಲ್ಲಾಂದ್ರೆ ಎಡವ್ತಾರೆ. ಇನ್ನೂ ಬಸ್‌ಸ್ಟಾಪಲ್ಲೇ ಇರ್ತಾರೆ, ಓಡು.”

ಫೋನ್ ಇಡಲೂ ಇಲ್ಲ. ಪ್ಯಾಡ್ ಕೈಯಲ್ಲಿ ಹಿಡಿದು, ಕಂಬ ದಾಟಿ, ಬಾಗಿಲು ದಾಟಿ, ರಸ್ತೆಗೆ ಬಿದ್ದು ಓಡಿದೆ. ದೂರದಲ್ಲಿ ಹಸಿರು ಛತ್ರಿ ಕಾಣಿಸಿತು.